ತಾಯಿಯ ಪಗಾರದಲ್ಲಿ ತಾಯಿಯ ಪಾಲೆಷ್ಟು?



ನಮ್ಮ ಸಂಘದ ಸಭೆಗಳಲ್ಲಿ ಪಗಾರದ ಮಾತು ಬರುತ್ತದೆ, ಬೋನಸ್ಸಿನ ಮಾತು ಬರುತ್ತದೆ, ರಜೆಯ ಮಾತೂ ಬರುತ್ತದೆ. ಆದರೆ ಪಗಾರ ಮನೆಗೆ ಬಂದ ಮೇಲೆ ಯಾರ ಕೈಗೆ ಹೋಗುತ್ತದೆ, ಯಾವುದಕ್ಕೆ ಖರ್ಚಾಗುತ್ತದೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಮನೆಯೊಳಗಿನ ಸಂಗತಿ, ಸಂಘಕ್ಕೇಕೆ ಎನ್ನುತ್ತಾರೆ. ದುಡಿಯುವ ಹೆಂಗಸಿನ ಮಟ್ಟಿಗೆ ಮನೆಯ ಸಂಗತಿಯನ್ನು ಬಿಟ್ಟು ಕೆಲಸದ ಸಂಗತಿ ಮಾತನಾಡಲು ಬರುವುದಿಲ್ಲ. ಆದ್ದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಯವರೆಗೆ ಓದಿದವಳು. ಮದುವೆಯಾಗಿ ಮುಂಬಯಿಗೆ ಬಂದು ಹನ್ನೊಂದು ವರ್ಷ ಹೋಟೆಲಿನ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಿದ್ದೇನೆ, ಚಪಾತಿ ಲಟ್ಟಿಸಿದ್ದೇನೆ, ಪಾತ್ರೆ ತಿಕ್ಕಿದ್ದೇನೆ. ಈಗ ಅರ್ಧ ದಿನ ಹೋಟೆಲು, ಉಳಿದ ಹೊತ್ತು ಸಂಘದ ಕೆಲಸ. ಎರಡು ಮಕ್ಕಳಿದ್ದಾರೆ. ನನ್ನ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಗಂಡ ಹೆಂಡಿರಿಬ್ಬರ ದುಡಿಮೆ ಸೇರಿ ತಿಂಗಳಿಗೆ 27,000 ರೂಪಾಯಿ. ಖೋಲಿಯ ಬಾಡಿಗೆ 7,500. ರೇಶನ್ನು, ತರಕಾರಿ, ಗ್ಯಾಸು ಸೇರಿ 7,500. ಲೈಟು ನೀರಿಗೆ 1,000. ಮಕ್ಕಳ ಫೀ, ಟ್ಯೂಶನ್ನಿಗೆ 3,800. ರೈಲಿನ ಪಾಸು, ಬಸ್ಸಿಗೆ 900. ಊರಿನಲ್ಲಿರುವ ಅತ್ತೆಯವರಿಗೆ 3,000. ಹಳೆಯ ಸಾಲದ ಕಂತು 2,000. ಔಷಧಕ್ಕೆ 800. ಉಳಿದದ್ದು 500 ರೂಪಾಯಿ. ಅದು ನಮ್ಮ ಯಜಮಾನರ ಕೈಖರ್ಚು. ಅವರು ಕುಡಿಯುವವರಲ್ಲ, ಚಹಾ, ಎಲೆಯಡಿಕೆ, ಸ್ನೇಹಿತರ ಮನೆಯ ಶುಭಕಾರ್ಯ, ಅಷ್ಟೇ. ಆದರೆ ಈ ಪಟ್ಟಿಯಲ್ಲಿ ಗಂಡನಿಗೆ ಒಂದು ಸಾಲಿದೆ, ಮಕ್ಕಳಿಗೆ ಒಂದು ಸಾಲಿದೆ, ಅತ್ತೆಗೂ ಇದೆ. ನನಗೆ ಇಲ್ಲ. ಹತ್ತು ಮನೆಗಳಲ್ಲಿ ಕುಳಿತು ಹೀಗೆಯೇ ಲೆಕ್ಕ ಬರೆಸಿದ್ದೇನೆ. ದುಡಿಯುವ ತಾಯಿಯ ಹೆಸರಿನ ಸಾಲು ಒಂದೇ ಒಂದು ಮನೆಯಲ್ಲಿ ಸಿಕ್ಕಿತು. ಅದೂ ಆಕೆಯ ಮೊಣಕಾಲಿನ ಔಷಧದ್ದು.

"ಹೊಟ್ಟೆಗೇ ಸಾಲದಾಗ ನಿನಗೇನು ಬೇರೆ ಖರ್ಚು?" ಎಂದು ಕೇಳುವವರಿದ್ದಾರೆ. ಗಂಡಸರು ಮಾತ್ರವಲ್ಲ, ನಮ್ಮ ಅಕ್ಕಂದಿರೂ ಕೇಳುತ್ತಾರೆ. "ಮಕ್ಕಳು ಓದಿ ಮುಂದೆ ಬಂದರೆ ಸಾಕು, ನಮ್ಮದೇನಿದೆ" ಎನ್ನುತ್ತಾರೆ. ಮಕ್ಕಳು ಮುಂದೆ ಬರಬೇಕೆಂಬ ಆಸೆ ನನಗೂ ಇದೆ. ಆದರೆ ಅದು ಮಕ್ಕಳ ಗುರಿ. ನನ್ನ ಗುರಿ ಹತ್ತನೆಯ ತರಗತಿ ಪಾಸಾಗುವುದು. ಲೇಬರ್ ಆಫೀಸಿನಿಂದ ಬಂದ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿಕೊಳ್ಳುವುದು ನನಗೆ ಸಾಕಾಗಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಹದಿನಾಲ್ಕು ತುಂಬಿದವರು ಯಾರೂ ಕೂಡಬಹುದು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ವಯಸ್ಸು ಅಡ್ಡಿಯಲ್ಲ. ಹಣವೂ ಹೊತ್ತೂ ಅಡ್ಡಿ.

ಹೊತ್ತಿನ ಲೆಕ್ಕವನ್ನೂ ನೋಡಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ತುಂಬಬೇಕು, ಡಬ್ಬಿ ಕಟ್ಟಬೇಕು. ಏಳಕ್ಕೆ ಹೋಟೆಲಿನ ಪಾಳಿ. ಸಂಜೆ ಮತ್ತೆ ಒಲೆ, ಬಟ್ಟೆ, ಮಕ್ಕಳ ಪಾಠ. ಹೀಗೆ ದಿನಕ್ಕೆ ಎರಡು ಪಾಳಿ, ಪಗಾರ ಒಂದಕ್ಕೆ. ಹೋಟೆಲಿನಲ್ಲಿ ಗಂಡಸು ಒಲೆಯ ಮುಂದೆ ನಿಂತರೆ ಭಟ್ಟರು. ಹೆಂಗಸು ಹತ್ತು ವರ್ಷ ಅದೇ ಅಡಿಗೆಮನೆಯಲ್ಲಿದ್ದರೂ ಕೈಕೆಲಸದವಳು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು 1976ರಲ್ಲೇ ಕಾನೂನಾಯಿತು. ಕೆಲಸದ ಹೆಸರನ್ನೇ ಬೇರೆ ಮಾಡಿಬಿಟ್ಟರೆ ಆ ಕಾನೂನು ಬಾಗಿಲಲ್ಲೇ ನಿಲ್ಲುತ್ತದೆ.

ಹೆರಿಗೆಯ ವಿಷಯವೂ ಹೀಗೆಯೇ. 1928ರಲ್ಲಿ ಮುಂಬಯಿ ಪ್ರಾಂತ್ಯದ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. 1929ರಲ್ಲಿ ಅದು ಕಾನೂನಾಯಿತು. ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ತಾಯಂದಿರಿಗೆ ಬಂದ ಹಕ್ಕು ಅದು. 1961ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು, 2017ರಲ್ಲಿ ಮೊದಲ ಎರಡು ಹೆರಿಗೆಗಳ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 26 ವಾರವೇ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು.

ಈ ಹಕ್ಕು ನನಗೆ ಸಿಗಲಿಲ್ಲ. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ನಾನಿದ್ದ ಹೋಟೆಲಿನಲ್ಲಿ, "ಹೆರಿಗೆಯಾದ ಮೇಲೆ ಬಾ, ಜಾಗವಿದ್ದರೆ ನೋಡೋಣ" ಎಂದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ನಾಲ್ಕು ವರ್ಷ ದುಡಿದದ್ದಕ್ಕೆ ಒಂದು ಗೆರೆಯ ಪುರಾವೆಯೂ ಇಲ್ಲದೆ ಮನೆಗೆ ಬಂದೆ. ಈಗ ತೀರಿಸುತ್ತಿರುವ 2,000 ರೂಪಾಯಿ ಕಂತು ಆ ದಿನಗಳ ಸಾಲದ್ದೇ. ಹೆಸರು ಪುಸ್ತಕದಲ್ಲಿದ್ದು ಇ.ಎಸ್.ಐ. ಕಟ್ಟುತ್ತಿದ್ದರೆ ಆ ಸಾಲ ಮಾಡಬೇಕಾಗುತ್ತಿರಲಿಲ್ಲ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ನೂರು ರೂಪಾಯಿ ಪಗಾರಕ್ಕೆ ನಮ್ಮಿಂದ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ. ಇಷ್ಟು ಕಟ್ಟುವುದನ್ನು ತಪ್ಪಿಸಲು ಹೆಂಗಸರ ಹೆಸರನ್ನೇ ಬರೆಯದ ಹೋಟೆಲುಗಳಿವೆ.

ಹೆಂಗಸರ ದುಡಿಮೆಗೆ ಹೆಂಗಸರ ಹೆಸರು ಬಿದ್ದಾಗ ಏನಾಗುತ್ತದೆ ಎಂಬುದನ್ನು ಈ ನಗರವೇ ಕಂಡಿದೆ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಅದೇ ಮುಂದೆ ಲಿಜ್ಜತ್ ಆಯಿತು. ಗಿರಣಗಾಂವಿನಲ್ಲಿ ಗಿರಣಿ ಕಾರ್ಮಿಕರಿಗೆ ಅನ್ನ ಹಾಕುತ್ತಿದ್ದ ಖಾನಾವಳಿಯ ತಾಯಂದಿರು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅವರನ್ನು ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕಿನ ಸಾಲ ಅವರವರ ಹೆಸರಿನಲ್ಲೇ ದೊರೆಯುವಂತೆ ಮಾಡಿದರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಗಿ ಗಂಡಸರ ಪಗಾರ ನಿಂತಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರ ಗಳಿಕೆಯಿಂದ. ಆ ಹೆಂಗಸರ ಕೈಯಲ್ಲಿ ಎರಡು ಕಾಸು ಇದ್ದದ್ದು ಮನೆಗೆ ಕೇಡಾಗಲಿಲ್ಲ. ಮನೆ ನಿಂತದ್ದೇ ಅದರ ಮೇಲೆ.

ನಮ್ಮ ಕನ್ನಡಿಗರ ರಾತ್ರಿಶಾಲೆಗಳ ಬಗ್ಗೆ ನಮಗೆಲ್ಲ ಅಭಿಮಾನವಿದೆ. ಮೇಜು ಒರೆಸುತ್ತಿದ್ದ ಹುಡುಗರು ಅಲ್ಲಿ ಓದಿ ವಕೀಲರಾದರು, ಅಧಿಕಾರಿಗಳಾದರು. ಆದರೆ ಅವು ಪಾಳಿ ಮುಗಿಸಿ ಬಂದು ಬೆಂಚಿನ ಮೇಲೆ ಮಲಗುವ ಹುಡುಗನಿಗಾಗಿ ಕಟ್ಟಿದ ಶಾಲೆಗಳು. ರಾತ್ರಿ ಏಳು ಗಂಟೆಗೆ ತಾಯಿ ಎಲ್ಲಿರುತ್ತಾಳೆ? ಒಲೆಯ ಮುಂದೆ. ಆಕೆಗೆ ಬಿಡುವು ಸಿಕ್ಕಿದರೆ ಮಧ್ಯಾಹ್ನ ಮೂರರಿಂದ ಐದರವರೆಗೆ, ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ.

ಆದುದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ.

ಮೊದಲನೆಯದು, ಹೋಟೆಲಿನಲ್ಲಿ ದುಡಿಯುವ ಪ್ರತಿ ಹೆಂಗಸಿನ ಹೆಸರು ಹಾಜರಿ ಪುಸ್ತಕಕ್ಕೆ ಬರಬೇಕು, ಪಗಾರ ಆಕೆಯ ಸ್ವಂತ ಖಾತೆಗೆ ಜಮಾ ಆಗಬೇಕು. ಮುಂದಿನ ಬೇಡಿಕೆ ಪತ್ರದಲ್ಲಿ ಬೋನಸ್ಸಿಗಿಂತ ಮೊದಲು ಇದನ್ನು ಬರೆಯಬೇಕು.

ಎರಡನೆಯದು, ಶಿಶುಗೃಹ. 50 ಮಂದಿಗಿಂತ ಕಡಿಮೆ ಕಾರ್ಮಿಕರಿರುವ ಹೋಟೆಲಿಗೆ ಶಿಶುಗೃಹದ ಕಡ್ಡಾಯವಿಲ್ಲ, ನಮ್ಮ ಹೋಟೆಲುಗಳಲ್ಲಿ ಹೆಚ್ಚಿನವು ಅಂಥವೇ. ನಮ್ಮ ಸಭಾಗೃಹ ಭಾನುವಾರ ಮದುವೆ, ಯಕ್ಷಗಾನಕ್ಕೆ ತೆರೆಯುತ್ತದೆ; ವಾರದ ದಿನಗಳಲ್ಲಿ ಬೀಗ. ಆ ಬೀಗ ತೆಗೆದು ಹಗಲು ಮಕ್ಕಳನ್ನು ಅಲ್ಲಿ ಕೂರಿಸೋಣ. ನೋಡಿಕೊಳ್ಳಲು ನಮ್ಮವರೇ ಆದ ಇಬ್ಬರು ಹಿರಿಯ ತಾಯಂದಿರಿಗೆ ಪಗಾರ ಕೊಡೋಣ.

ಮೂರನೆಯದು, ಅದೇ ಸಭಾಗೃಹದಲ್ಲಿ ಮಧ್ಯಾಹ್ನ ಮೂರಕ್ಕೆ ಹೆಂಗಸರ ತರಗತಿ. ಮಗು ಒಂದು ಮೂಲೆಯಲ್ಲಿ ಮಲಗಿರಲಿ, ತಾಯಿ ಇನ್ನೊಂದು ಮೂಲೆಯಲ್ಲಿ ಓದಲಿ.

ಇನ್ನು ಗಂಡಸರಾದ ಬಂಧುಗಳಿಗೆ ಒಂದು ಮಾತು. ಮಾಲೀಕರು ನಮ್ಮ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ನೀವು ಬಾವುಟ ಹಿಡಿದು ನಿಲ್ಲುತ್ತೀರಿ, ಅದು ನ್ಯಾಯವೇ. ಅದೇ ನ್ಯಾಯ ಖೋಲಿಯೊಳಗೂ ನಡೆಯಬೇಕು. ಈ ತಿಂಗಳ ಲೆಕ್ಕ ಬರೆಯುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆಕೆಯ ಹೆಸರಿಗೊಂದು ಸಾಲು ಬರೆಯಿರಿ. 200 ರೂಪಾಯಿಯಾದರೂ ಸರಿ. ಅದನ್ನು ಹೇಗೆ ಖರ್ಚು ಮಾಡಿದೆ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಈ ತಿಂಗಳಿನಿಂದ ಆ ಸಾಲು ಶುರುವಾಗಿದೆ. ಕೈಖರ್ಚಿನ 500ರಲ್ಲಿ 200 ಪರೀಕ್ಷೆಯ ಫೀಗೆಂದು ಬೇರೆ ಡಬ್ಬಿಗೆ ಬೀಳುತ್ತಿದೆ. ಯಜಮಾನರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು, ಮೂರನೆಯ ದಿನ ತಾವೇ ಡಬ್ಬಿಗೆ ಹಾಕಿದರು.

ಸೂಚನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಲಿಖಿತವಾಗಿ ಮಂಡಿಸುತ್ತೇನೆ. ಸಭೆಯನ್ನು ಸಂಜೆ ಏಳಕ್ಕೆ ಕರೆಯದೆ ಮಧ್ಯಾಹ್ನ ಮೂರಕ್ಕೆ ಕರೆಯಬೇಕೆಂದು ಕಾರ್ಯದರ್ಶಿಯವರಲ್ಲಿ ವಿನಂತಿ. ಹಾಗೆ ಮಾಡಿದರೆ ಅವುಗಳಿಗೆ ಕೈ ಎತ್ತುವವರೂ ಸಭೆಯಲ್ಲಿ ಇರುತ್ತಾರೆ.