ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ, ನಡುವೆ ಒಬ್ಬ ದುಭಾಷಿ

ನಮ್ಮದು ತಿಪಟೂರಿನಲ್ಲಿ ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಮಾವನವರ ಕಾಲದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರಂತೆ. ಮದುವೆ ಕಾರ್ಡು, ಕೊಬ್ಬರಿ ಮಂಡಿಯ ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಪತ್ರಿಕೆ... ಊರಿನ ಸುಖ ದುಃಖ ಎರಡೂ ನಮ್ಮ ಅಂಗಡಿ ಹಾದೇ ಹೋಗಬೇಕು. ನಮ್ಮನೆಯವರು ಮೆಷಿನ್ ನೋಡಿಕೊಳ್ಳುತ್ತಾರೆ, ನಾನು ಲೆಕ್ಕ ಮತ್ತು ಪ್ರೂಫು. ಕಂಪೋಸಿಂಗಿಗೆ ಮಾವನವರ ಕಾಲದಿಂದ ಇರುವ ಒಬ್ಬರಿದ್ದಾರೆ. ಊರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತದೆ. ಮೊಳೆ ಜೋಡಿಸಲು ಹುಡುಗನಾಗಿ ಬಂದವರು, 2004ರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂದಾಗ ಹಠ ಹಿಡಿದು ಕಲಿತರು.

ಆ ಕಂಪ್ಯೂಟರ್ ಇವತ್ತಿಗೂ ಇದೆ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿಯ ಹಳೇ ಅಕ್ಷರಗಳು. ಇಪ್ಪತ್ತು ವರ್ಷದ ಕೆಲಸ ಅದರ ಹೊಟ್ಟೆಯಲ್ಲಿದೆ. "ಹೋದ ಸಲದ್ದೇ ಬಿಲ್ ಬುಕ್ಕು, ಫೋನ್ ನಂಬರ್ ಮಾತ್ರ ಬದಲಾಯ್ಸಿ" ಅಂತ ಯಾರಾದರೂ ಬಂದರೆ ಮೇಷ್ಟ್ರು ಎರಡು ನಿಮಿಷದಲ್ಲಿ ಹುಡುಕಿ ತೆಗೆಯುತ್ತಾರೆ. ಅದೇ ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ತೆರೆಯುವುದೇ ಇಲ್ಲ. ಒಳಗಿನ ಬರಹವನ್ನಷ್ಟೇ ನಕಲು ಮಾಡಿ ಅಂಟಿಸಿದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಎಲ್ಲ ಕಲಸುಮೇಲೋಗರ. ಹಳೇ ನುಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿತ್ತು, ಈಗಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಇದೆ ಅನ್ನುವುದು ನನಗೂ ಆಮೇಲೆ ತಿಳಿದಿದ್ದು.

ಹೋದ ದೀಪಾವಳಿಗೆ ಬೆಂಗಳೂರಿಂದ ಬಂದ ಮಗ ಅಂಗಡಿಗೊಂದು ಸಣ್ಣ ಸರ್ವರ್ ತಂದಿಟ್ಟ. ಒಳಗೆ ಎರಡು ಡಿಸ್ಕ್, ಬರೆದದ್ದೆಲ್ಲ ಎರಡರಲ್ಲೂ ಇರುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಪ್ರಿಂಟ್ ಕೊಡುವ ಹೊಸ ಕಂಪ್ಯೂಟರು, ನನ್ನ ಜಿಎಸ್‌ಟಿ ಲೆಕ್ಕ ಎಲ್ಲ ಅದಕ್ಕೆ ಸೇರಿತು. ಮೇಷ್ಟ್ರ ಪೆಟ್ಟಿಗೆ ಮಾತ್ರ ಹೊರಗೇ ಉಳಿಯಿತು. ಅಲ್ಲಿಂದ ಇಲ್ಲಿಗೆ ಪೆನ್‌ಡ್ರೈವೇ ಗತಿ.

ಆ ಪೆನ್‌ಡ್ರೈವೇ ಒಂದು ದಿನ ಮರ್ಯಾದೆ ತೆಗೆಯಿತು. ಒಂದು ಮದುವೆ ಕಾರ್ಡಿನಲ್ಲಿ ಮುಹೂರ್ತ ಬದಲಾಗಿತ್ತು. ಮೇಷ್ಟ್ರು ತಿದ್ದಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದರು. ನಮ್ಮನೆಯವರು ಹೊಸ ಕಂಪ್ಯೂಟರಿನಲ್ಲಿ ಹಿಂದಿನ ದಿನವೇ ಕೂತಿದ್ದ ಅದೇ ಹೆಸರಿನ ಫೈಲನ್ನು ಪ್ರಿಂಟ್ ಕೊಟ್ಟರು. ಆರು ನೂರು ಕಾರ್ಡು, ಆರು ನೂರರಲ್ಲೂ ಹಳೇ ಮುಹೂರ್ತ! ಹುಡುಗಿಯ ತಂದೆ ಬೈಯಲಿಲ್ಲ. ಕಾರ್ಡು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಬೈದಿದ್ದರೇ ವಾಸಿಯಿತ್ತು. ರಾತ್ರಿಯೆಲ್ಲ ಕೂತು ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿ ಕೊಟ್ಟೆವು.

"ಆ ಡಬ್ಬಾ ಗುಜರಿಗೆ ಹಾಕಿ, ಸಾಕು" ಅಂದರು ನಮ್ಮನೆಯವರು, ಸಿಟ್ಟಿನಲ್ಲಿ. ಮೇಷ್ಟ್ರು ಏನೂ ಮಾತಾಡಲಿಲ್ಲ. ಸಂಜೆ ಬಾಗಿಲು ಹಾಕುವಾಗ ನನ್ನ ಹತ್ತಿರ ಮೆಲ್ಲಗೆ, "ಅಮ್ಮಾವ್ರೇ, ಪೆಟ್ಟಿಗೆ ಹೋದ್ರೆ ನಾನೂ ಹೊರಟಂಗೇ ಅಲ್ವಾ? ಮುಂಚೇನೇ ಹೇಳ್ಬಿಡಿ, ಬೇರೆ ಕಡೆ ಕೇಳ್ಕೊಬೇಕು" ಅಂದರು. ಅರವತ್ತು ದಾಟಿದವರನ್ನು ಬೇರೆ ಕಡೆ ಯಾರು ತಗೊಳ್ತಾರೆ? ಅವತ್ತು ಊಟ ಸೇರಲಿಲ್ಲ ನನಗೆ.

ಮಗನಿಗೆ ಫೋನ್ ಮಾಡಿದೆ. "ತಪ್ಪು ಮೇಷ್ಟ್ರದ್ದೂ ಅಲ್ಲ, ಅಪ್ಪಂದೂ ಅಲ್ಲಮ್ಮ. ಒಂದೇ ಫೈಲು ಮೂರು ಕಡೆ ಇದ್ರೆ ಹಿಂಗೇ ಆಗೋದು. ಅದನ್ನೂ ಸರ್ವರಿಗೆ ಸೇರಿಸೋಣ. ಆದರೆ ಮೊದಲು ಡಿಸ್ಕಿನ ನಕಲು" ಅಂದ. ಮುಂದಿನ ಭಾನುವಾರ ಬಂದು ಹಳೇ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ ಪೂರ್ತಿ ನಕಲು ತೆಗೆದ. ಎಷ್ಟೋ ದಿನದಿಂದ ಅದು ಟಿಕ್ ಟಿಕ್ ಅನ್ನುತ್ತಿತ್ತು. ಅಷ್ಟು ವರ್ಷ ನಾವು ದೇವರ ಮೇಲೆ ಭಾರ ಹಾಕಿ ಕೂತಿದ್ದೆವು ಅಂತ ಅವತ್ತು ಗೊತ್ತಾಯಿತು.

ಆಮೇಲೆ ಕೇಬಲ್ ಹಾಕಿದೆವು. ಕರಿ ಪರದೆಯಲ್ಲಿ ಪಿಂಗ್ ಮಾಡಿದರೆ ಸರ್ವರ್ ಓಗೊಟ್ಟಿತು. ಫೋಲ್ಡರ್ ತೆರೆಯಲು ಹೋದರೆ ದಾರಿಯೇ ಸಿಗಲಿಲ್ಲ ಅಂದಿತು. ಓ ಅನ್ನುತ್ತೆ, ಬಾಗಿಲು ತೆಗೆಯಲ್ಲ!

ಮಗ ಹೇಳಿದ್ದು ಹೀಗೆ. ವಿಂಡೋಸ್ ಕಂಪ್ಯೂಟರುಗಳು ಫೈಲ್ ಕೊಟ್ಟು ತಗೊಳ್ಳಲು ಎಸ್‌ಎಂಬಿ ಅನ್ನುವ ಒಂದು ಭಾಷೆ ಆಡುತ್ತವೆ. ಎಕ್ಸ್‌ಪಿಗೆ ಅದರ ಮೊದಲನೇ ಆವೃತ್ತಿ ಬಿಟ್ಟರೆ ಬೇರೆ ಬಾರದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಪಿಡುಗು ಆ ಮೊದಲ ಆವೃತ್ತಿಯ ದೋಷವನ್ನೇ ಹಿಡಿದು ಲೋಕವೆಲ್ಲ ಹರಡಿತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿತ್ತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೂ ಅದರ ಬಾಯಿಗೆ ಬಿದ್ದವು. ಈಗಿನ ಸರ್ವರುಗಳು ಸಾಮಾನ್ಯವಾಗಿ ಹಳೇ ಭಾಷೆಯನ್ನು ಮುಚ್ಚಿಕೊಂಡೇ ಬರುತ್ತವೆ. ಎಕ್ಸ್‌ಪಿಗಾದರೋ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ಗೇ ಕೈ ಮುಗಿದಿದೆ.

"ಸರ್ವರಲ್ಲೇ ಒಂದು ಟಿಕ್ ಹಾಕಿ ಆ ಭಾಷೆ ಬಿಟ್ಟರಾಯ್ತಲ್ಲೋ" ಅಂದರು ಇವರು. "ಒಬ್ಬರು ಒಳಗೆ ಬರಲಿ ಅಂತ ಇಡೀ ಮನೆ ಬಾಗಿಲು ತೆಗೆದಿಡ್ತೀರಾ ಅಪ್ಪಾ?" ಅಂದ ಮಗ. ಇವರು ಸುಮ್ಮನಾದರು.

ಕೊನೆಗೆ ನಮ್ಮ ಬೀರು ಮೇಲೆ ಧೂಳು ತಿನ್ನುತ್ತಿದ್ದ ಅವನ ಕಾಲೇಜಿನ ಲ್ಯಾಪ್‌ಟಾಪ್ ಕೆಳಗಿಳಿಯಿತು. ಅದಕ್ಕೆ ಲಿನಕ್ಸ್ ಹಾಕಿದ, ಅದರಲ್ಲಿ ಸಾಂಬಾ ಅನ್ನುವ ತಂತ್ರಾಂಶ ಕೂರಿಸಿದ. ಅದೇ ನಮ್ಮ ದುಭಾಷಿ. ಮೇಷ್ಟ್ರ ಕಂಪ್ಯೂಟರಿನಿಂದ ಒಂದು ಕೇಬಲ್ ನೇರ ಈ ಲ್ಯಾಪ್‌ಟಾಪಿಗೆ, ಬೇರೆಲ್ಲಿಗೂ ಇಲ್ಲ. ಆ ಕೇಬಲಿನ ಕಡೆ ಮಾತ್ರ ಹಳೇ ಭಾಷೆ. ಇನ್ನೊಂದು ಕಡೆ ವೈಫೈ ಮೂಲಕ ಸರ್ವರಿನ ಜೊತೆ ಹೊಸ ಭಾಷೆ. ಮೇಷ್ಟ್ರು ಇಟ್ಟ ಫೈಲನ್ನು ಲ್ಯಾಪ್‌ಟಾಪ್ ಐದೈದು ನಿಮಿಷಕ್ಕೆ ಸರ್ವರಿಗೆ ದಾಟಿಸುತ್ತದೆ. ಹಳೇ ಪೆಟ್ಟಿಗೆಗೆ ಇಂಟರ್‌ನೆಟ್ ಇಲ್ಲ, ಸರ್ವರಿನ ಮುಖವೂ ಕಾಣುವುದಿಲ್ಲ. ಮೊದಲು ಪಾಸ್‌ವರ್ಡ್ ಸರಿಯಾಗಿ ಹೊಡೆದರೂ ಒಪ್ಪಲಿಲ್ಲ. ಎಕ್ಸ್‌ಪಿ ಪಾಸ್‌ವರ್ಡ್ ಒಪ್ಪಿಸುವ ರೀತಿಯೂ ಹಳೇದಂತೆ. ಅದನ್ನೂ ಲ್ಯಾಪ್‌ಟಾಪಿಗೆ ಹೇಳಿಕೊಟ್ಟ ಮೇಲೆ ಫೋಲ್ಡರ್ ತೆರೆಯಿತು. ಮೇಷ್ಟ್ರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮೂರನೇ ದಿನ ಪ್ರೂಫ್ ನೋಡುತ್ತಿದ್ದೇನೆ, ಮೇಷ್ಟ್ರು ಬೆಳಿಗ್ಗೆ ತಿದ್ದಿದ್ದ ಕಾರ್ಡು ಸರ್ವರಿನಲ್ಲಿ ತಿದ್ದದೇ ಇದೆ! ಎದೆ ಧಸಕ್ಕೆಂದಿತು. ಮತ್ತೆ ಅದೇ ಕಥೆಯಾ?

ಕಾರಣ ಒಂದು ಬಿಲ್ಲೆ. ಆ ಕಂಪ್ಯೂಟರನ್ನು ದಿನಾ ಬೆಳಿಗ್ಗೆ ಆನ್ ಮಾಡಿದಾಗ ಎಫ್-1 ಒತ್ತು ಅನ್ನುತ್ತಿತ್ತು. ಮೇಷ್ಟ್ರು ಊದುಬತ್ತಿ ಹಚ್ಚಿದಷ್ಟೇ ನಿಷ್ಠೆಯಿಂದ ವರ್ಷಾನುಗಟ್ಟಲೆ ಒತ್ತುತ್ತಿದ್ದರು. ಒಳಗೆ ಗಡಿಯಾರ ನಡೆಸುವ ನಾಣ್ಯದಾಕಾರದ ಸೆಲ್ ಯಾವತ್ತೋ ಸತ್ತಿತ್ತು. ಹಾಗಾಗಿ ಅದರ ಪಾಲಿಗೆ ಪ್ರತಿದಿನವೂ 2003ರ ಜನವರಿ 1, ಬೆಳಗಿನ ಜಾವ! ನಿನ್ನೆ ಸಂಜೆಯ ಫೈಲು ಇವತ್ತು ಬೆಳಗಿನದಕ್ಕಿಂತ ಹೊಸದು ಅನ್ನಿಸಿಕೊಂಡಿತು. ಸರ್ವರಿನಲ್ಲಿ ಇರುವುದೇ ಹೊಸದಾದರೆ ಮುಟ್ಟಬೇಡ ಅಂತ ಮಗ ಲ್ಯಾಪ್‌ಟಾಪಿಗೆ ಹೇಳಿಟ್ಟಿದ್ದ, ಅದು ಮುಟ್ಟಲಿಲ್ಲ. ಎದುರಿನ ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿ, ತಾರೀಖು ಸರಿಮಾಡಿದ ಮೇಲೆ ಸರಿಹೋಯಿತು.

ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಇಂಥ ಪೆಟ್ಟಿಗೆ ಇದ್ದರೆ ನಾನು ಹೇಳುವುದಿಷ್ಟೇ. ಮೊದಲು ನಕಲು ತೆಗೆಯಿರಿ, ಆಮೇಲೆ ಕೇಬಲ್ ಮುಟ್ಟಿ. ತಾರೀಖು ನೋಡಿ. ಹಳೇದಕ್ಕಾಗಿ ಹೊಸದರ ಬೀಗ ಸಡಿಲ ಮಾಡಬೇಡಿ, ನಡುವೆ ಎರಡೂ ಬಲ್ಲ ಒಂದನ್ನು ಕೂರಿಸಿ. ಇದು ಶಾಶ್ವತ ಅಂತಲೂ ತಿಳಿಯಬೇಡಿ. ಆ ಮದರ್‌ಬೋರ್ಡು ಇನ್ನೆಷ್ಟು ದಿನವೋ.

ಅದಕ್ಕೇ ಈಗ ಮಧ್ಯಾಹ್ನ ಕೆಲಸ ಕಡಿಮೆಯಿದ್ದಾಗ ಮೇಷ್ಟ್ರು ಹಳೇ ಫೈಲುಗಳನ್ನು ಒಂದೊಂದಾಗಿ ಪಿಡಿಎಫ್ ಮಾಡುತ್ತಾರೆ. ಬೇಕಾದ್ದನ್ನು ಯೂನಿಕೋಡಿಗೆ ಬದಲಾಯಿಸಿ, ಕೆಟ್ಟ ಒತ್ತಕ್ಷರ ತಿದ್ದುತ್ತಾರೆ. ಫೈಲುಗಳ ಹೆಸರು ನೋಡಿದರೆ ಬರೀ ನಂಬರು. ಯಾವುದು ಯಾರ ಮಂಡಿಯದ್ದು, ಯಾವುದು ಯಾರ ಮಗಳ ಮದುವೆಯದ್ದು ಅಂತ ಗೊತ್ತಿರುವುದು ಅವರೊಬ್ಬರಿಗೇ. "ಪೆಟ್ಟಿಗೆ ಹೋಗ್ಬಹುದು ಮೇಷ್ಟ್ರೇ, ನೀವು ಹೋಗೋ ಹಾಗಿಲ್ಲ" ಅಂತ ನಮ್ಮನೆಯವರೇ ಮೊನ್ನೆ ಅಂದರು. ಬೇರೆ ಕಡೆ ಕೇಳುವ ಮಾತನ್ನು ಮೇಷ್ಟ್ರು ಮತ್ತೆ ಎತ್ತಿಲ್ಲ.

ಆದರೂ ಫೈಲು ಇಟ್ಟ ಮೇಲೆ ಅವರಿಗೆ ತಡೆಯುವುದಿಲ್ಲ. ಕೂತಲ್ಲಿಂದಲೇ ಕೂಗುತ್ತಾರೆ, "ಅಮ್ಮಾವ್ರೇ, ಬಂತಾ?"

"ಐದ್ ನಿಮಿಷ ತಡೀರಿ ಮೇಷ್ಟ್ರೇ, ಬರುತ್ತೆ."