ಅಭ್ಯಾಸ ಹಾಳೆಗೂ ಒಂದು ಲೆಕ್ಕಶೀರ್ಷಿಕೆ ಬೇಕು

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಇತ್ತೀಚೆಗೆ ನನಗೆ ಎರಡು ಡಿಜಿಟಲ್ ಅಭ್ಯಾಸ ಹಾಳೆಗಳನ್ನು ತೋರಿಸಿದರು. ಎರಡರ ವಿಷಯವೂ ನೀರು ಆವಿಯಾಗುವುದು. ಮೊದಲನೆಯದು ಎಲ್ಲಿಂದಲೋ ಬಂದದ್ದು. ಬಿಟ್ಟ ಸ್ಥಳ ತುಂಬಬೇಕು, ಸರಿಯುತ್ತರ ಮುಟ್ಟಿದರೆ ಪರದೆಯಲ್ಲಿ ನಕ್ಷತ್ರ ಮಿನುಗುತ್ತದೆ. ಎರಡನೆಯದನ್ನು ಆಕೆಯೇ ಸಿದ್ಧಪಡಿಸಿದ್ದರು. ‘ರಜೆಯಲ್ಲಿ ಯಾರೂ ಬಳಸದಿದ್ದರೂ ಶಾಲೆಯ ತೊಟ್ಟಿಯ ನೀರು ಇಳಿದಿದೆ. ತೊಟ್ಟಿ ಸೋರುತ್ತಿದೆಯೋ, ನೀರು ಆವಿಯಾಗಿದೆಯೋ? ಹೇಗೆ ಪತ್ತೆ ಹಚ್ಚುವಿರಿ?’ ಕೆಳಗೆ ಖಾಲಿ ಕೋಷ್ಟಕ, ಅಷ್ಟೆ.

ಆರನೆಯ ತರಗತಿಯ ಮಕ್ಕಳು ತೊಟ್ಟಿಯ ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರಿಟ್ಟು, ಎರಡರ ಮಟ್ಟವನ್ನೂ ದಿನವೂ ಅಳೆದರು. ‘ಕಾಗೆಯೂ ಕುಡಿಯುತ್ತದಲ್ಲ ಮಿಸ್’ ಎಂದು ಒಬ್ಬ ಹುಡುಗ ತಗಾದೆ ತೆಗೆದದ್ದರಿಂದ ಎರಡಕ್ಕೂ ಬಲೆ ಹೊದಿಸಲಾಯಿತು. ಬಕೆಟ್ಟಿಗಿಂತ ತೊಟ್ಟಿಯ ನೀರೇ ಬೇಗ ಇಳಿಯಿತು. ಆವಿಯಾಗುವುದು ಹೌದು, ಸೋರುವುದೂ ಹೌದು ಎಂದು ಮಕ್ಕಳು ತೀರ್ಮಾನಿಸಿದರು. (ದುರಸ್ತಿಯ ಅರ್ಜಿ ಇನ್ನೂ ಬಾಕಿಯಿದೆ, ಅದು ಬೇರೆ ಮಾತು.) ಪರದೆ ಇಲ್ಲಿ ಮಾಡಿದ್ದು ಇಷ್ಟೇ: ಮಕ್ಕಳ ಅಂಕಿಗಳನ್ನು ನಕ್ಷೆಯಾಗಿ ತೋರಿಸಿತು, ಸಿಕ್ಕಿಬಿದ್ದವರಿಗೆ ಮಾತ್ರ ಒಂದು ಸುಳಿವು ಕೊಟ್ಟಿತು. ಡಿಜಿಟಲ್ ಹಾಳೆಗೆ ಇದಕ್ಕಿಂತ ಯೋಗ್ಯವಾದ ಕೆಲಸ ನನಗೆ ಕಾಣದು.

ಸಮಸ್ಯೆ ಆಧಾರಿತ ಕಲಿಕೆ 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳೊಡನೆ ಹೆಸರು ಪಡೆಯಿತು. ಆದರೆ ಪ್ರಾಥಮಿಕ ಶಾಲೆಯ ಪಾಠಕ್ಕೆ ನಾವು ಅಷ್ಟು ದೂರ ಹೋಗಬೇಕಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಮಕ್ಕಳು ಪ್ರಯೋಗ ಮಾಡಿ, ಉತ್ತರವನ್ನು ತಾವೇ ಬರೆಯುತ್ತಿದ್ದರು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. ಅಲ್ಲಿನ ‘ಬಾಲ ವೈಜ್ಞಾನಿಕ’ ಪುಸ್ತಕದ ಅಧ್ಯಾಯಗಳು ತರಗತಿಯಲ್ಲಿ ಪರೀಕ್ಷೆಗೊಳಗಾಗಿ, ಶಿಕ್ಷಕರ ದೂರುಗಳ ಮೇರೆಗೆ ಮತ್ತೆ ಮತ್ತೆ ತಿದ್ದುಪಡಿಯಾಗುತ್ತಿದ್ದವು. ರಾಜ್ಯ ಸರ್ಕಾರ 2002ರಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಿತು.

ನಾವು ಕೈಬಿಟ್ಟಿರುವುದು ಆ ತಿದ್ದುವ ಪರಿಪಾಠವನ್ನು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಬಂತು, 2017ರಲ್ಲಿ ದೀಕ್ಷಾ ವೇದಿಕೆ ಬಂತು, ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ಬಂತು. ಪಾಠವನ್ನು ತಲುಪಿಸುವ ದಾರಿ ಅಗಲವಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ನೋಡುವುದು ಹೀಗೆ: ಡಿಜಿಟಲ್ ಹಾಳೆಯ ಎರಡನೆಯ ಪ್ರತಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಎಲ್ಲ ವೆಚ್ಚವೂ ಮೊದಲ ಪ್ರತಿಯದೇ. ಅದರಲ್ಲಿ ಉಳಿತಾಯ ಮಾಡಿದರೆ ಒಂದೇ ದೋಷ ಸಾವಿರಾರು ಶಾಲೆಗಳಿಗೆ ಉಚಿತವಾಗಿ ಹಂಚಿಕೆಯಾಗುತ್ತದೆ.

ಸೇವೆಯಲ್ಲಿದ್ದಾಗ ಇಂಥ ಕಡತಗಳಿಗೆ ಟಿಪ್ಪಣಿ ಬರೆದವರಲ್ಲಿ ನಾನೂ ಒಬ್ಬ. ಉಪಕರಣ ಖರೀದಿಗೆ ಲೆಕ್ಕಶೀರ್ಷಿಕೆ ಇರುತ್ತಿತ್ತು, ತರಬೇತಿಗೆ ಇರುತ್ತಿತ್ತು. ಸಾಮಗ್ರಿಯನ್ನು ತರಗತಿಯಲ್ಲಿ ಪ್ರಯೋಗಿಸಿ ತಿದ್ದಲು ಇರುತ್ತಿರಲಿಲ್ಲ. ಇರಬೇಕೆಂದು ನಾನು ಬರೆಯಲೂ ಇಲ್ಲ. ಈಗಲಾದರೂ ಪ್ರತಿ ಹಾಳೆಯನ್ನು ಹಳ್ಳಿಯ ಮತ್ತು ನಗರದ ಕೆಲವು ಶಾಲೆಗಳಲ್ಲಿ ಒಂದು ಅವಧಿ ಬಳಸಿ ನೋಡಿದ ಮೇಲೆಯೇ ರಾಜ್ಯಕ್ಕೆ ಹಂಚಬೇಕು. ಅದನ್ನು ರಚಿಸುವ ಶಿಕ್ಷಕರಿಗೆ ಆ ದಿನಗಳನ್ನು ಕರ್ತವ್ಯವೆಂದೇ ಪರಿಗಣಿಸಬೇಕು. ತೊಟ್ಟಿಯ ಹಾಳೆಗೆ ನಮ್ಮೂರಿನ ಶಿಕ್ಷಕಿ ವ್ಯಯಿಸಿದ್ದು ನಾಲ್ಕು ಭಾನುವಾರ.