ಕೊಲೆಯ ಕಥೆಗೇಕೆ ವಿಚಾರದ ಭಾರ?

ಪತ್ತೇದಾರಿ ಕಾದಂಬರಿ ಕೇವಲ ಕಾಲಹರಣದ ಸರಕು, ಅದರಲ್ಲಿ ವಿಚಾರವನ್ನು ತುರುಕುವುದು ಓದುಗನಿಗೆ ಬಗೆಯುವ ಮೋಸ ಎಂಬ ಮಾತು ಸಾಹಿತ್ಯ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ.

ದಾಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ 1866ರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಕೊಂದವನಾರೆಂಬುದು ಮೊದಲ ಭಾಗದಲ್ಲಿಯೇ ತಿಳಿದುಹೋಗುತ್ತದೆ. ಹಾಗಿದ್ದರೆ ಉಳಿದ ಐದು ಭಾಗಗಳೇಕೆ? ಅಸಾಮಾನ್ಯ ಪುರುಷನಿಗೆ ಕಾನೂನನ್ನು ಮೀರುವ ಹಕ್ಕುಂಟೆಂಬ ರಾಸ್ಕೋಲ್ನಿಕೋವನ ವಾದವನ್ನು ಒರೆಗೆ ಹಚ್ಚುವುದಕ್ಕೆ. ಆ ವಾದವನ್ನು ಪ್ರಬಂಧದಲ್ಲಿ ಓದಿದರೆ ತಲೆದೂಗಿಬಿಡಬಹುದು; ರಕ್ತ ಮೆತ್ತಿದ ಕೊಡಲಿಯ ಪಕ್ಕದಲ್ಲಿ ಓದುವಾಗ ಅದು ಸಾಧ್ಯವಿಲ್ಲ.

ನೂರು ವರ್ಷಗಳ ತರುವಾಯ ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೆರ್ ವಾಲೋ ಜೊತೆಗೂಡಿ 1965ರಿಂದ 1975ರವರೆಗೆ 10 ಪೊಲೀಸ್ ಕಾದಂಬರಿಗಳನ್ನು ಬರೆದರು. ಜನಕಲ್ಯಾಣ ರಾಜ್ಯವೆಂದು ಲೋಕವೇ ಕೊಂಡಾಡುತ್ತಿದ್ದ ತಮ್ಮ ನಾಡು ದುರ್ಬಲರನ್ನು ಕೈಬಿಟ್ಟಿದೆಯೆಂಬುದು ಅವರ ಆರೋಪ. ಇಡೀ ಮಾಲಿಕೆಗೆ ‘ಒಂದು ಅಪರಾಧದ ಕಥೆ’ ಎಂಬರ್ಥದ ಉಪಶೀರ್ಷಿಕೆಯಿಟ್ಟು, ಸಮಾಜವನ್ನೇ ಕಟಕಟೆಗೆ ತಂದರು. ಕರಪತ್ರವನ್ನು ಓದದೆ ಮಡಿಸಿಡುವವನೂ ಕೊಲೆಗಾರ ಸಿಕ್ಕುವತನಕ ಪುಸ್ತಕವನ್ನು ಮುಚ್ಚಲಾರ.

ಹಾಗಾದರೆ ಕಥೆಯೆಂಬುದು ಕಹಿಮದ್ದಿಗೆ ಸವರಿದ ಬೆಲ್ಲವೆ? ಅಲ್ಲ. ವಿಚಾರವನ್ನು ತೆಗೆದರೂ ಕಥೆ ನಿಲ್ಲುವುದಾದರೆ ಅದು ಪ್ರಚಾರ. ತೆಗೆದೊಡನೆ ಕೊಲೆಗೆ ಕಾರಣವೇ ಉಳಿಯದಿದ್ದರೆ ಅದು ಸಾಹಿತ್ಯ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಅಸಂಖ್ಯ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವು. ಮಕ್ಕಳ ಕೈಗೆ ಕನ್ನಡ ಪುಸ್ತಕ ಕೊಡುವುದೇ ಸಾಹಸವಾಗಿರುವ ಗಡಿಯಾಚೆಯ ನಾವು ಆ ಕಪಾಟಿಗೆ ಬೀಗ ಜಡಿಯುವುದು ವಿವೇಕವಲ್ಲ. ಕಳ್ಳನನ್ನು ಹುಡುಕುತ್ತ ಗ್ರಂಥಾಲಯಕ್ಕೆ ಬಂದ ಬಾಲಕ ನ್ಯಾಯದ ಪ್ರಶ್ನೆಯೊಂದಿಗೆ ಮನೆಗೆ ಮರಳಿದರೆ ಕನ್ನಡಕ್ಕೆ ಆಗುವ ನಷ್ಟವೇನು?